ಕಿಲುಬು ಬಿಟ್ಟ ಕೊಡಲಿ

ವಸ್ತುಸಂಗ್ರಹಾಲಯದ ಲೋಹ ಪರೀಕ್ಷಕರು ಟೀ ಕುಡಿಯಲು ಹೋಗಿದ್ದು ಹತ್ತೇ ನಿಮಿಷ. ಬಂದು ನೋಡಿದರೆ ಮೂರು ಸಾವಿರ ವರ್ಷದ ಕಂಚಿನ ಕೊಡಲಿ ಮದುಮಗನ ಬೂಟಿನಂತೆ ಥಳಥಳ ಹೊಳೆಯುತ್ತಿತ್ತು.

“ಎಷ್ಟು ಕಿಲುಬು ಹಿಡಿದಿತ್ತು ಅಣ್ಣಾ! ನಿಂಬೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟೆ,” ಎಂದಳು ಕಸ ಗುಡಿಸುವ ಅಕ್ಕ, ಹೆಮ್ಮೆಯಿಂದ.

ಪರೀಕ್ಷಕರು ಗಡಿಯಾರ ನೋಡಿದರು. ಆ ಹಸಿರು ಕಿಲುಬೇ ಕೊಡಲಿಯ ವಯಸ್ಸಿಗೆ ಸಾಕ್ಷಿ. ಅದಕ್ಕೊಂದು ಗೀರೂ ಬೀಳಬಾರದೆಂದು ಹೊರಗಿನಿಂದ ತಜ್ಞೆಯೊಬ್ಬರು ಯಂತ್ರ ಹಿಡಿದು ಬರುವವರಿದ್ದರು. ಕೆರೆಯದೆ, ಕೊರೆಯದೆ, ಬರೀ ಕ್ಷ-ಕಿರಣ ಬಿಟ್ಟು ಯಾವ ಲೋಹ ಎಷ್ಟಿದೆ ಎಂದು ಹೇಳುವ ಯಂತ್ರ. ಅವರು ಬರುವುದು ಮೂರು ಗಂಟೆಗೆ. ಈಗ ಎರಡೂವರೆ.

ಸುದ್ದಿ ಹಬ್ಬಿ ಸಲಹೆಗಾರರು ನೆರೆದರು.

“ಉಪ್ಪುನೀರಲ್ಲಿ ಹಾಕಿ, ಮತ್ತೆ ಕಿಲುಬು ಹಿಡಿಯುತ್ತೆ,” ಎಂದರು ಟೈಪಿಸ್ಟ್ ಮೇಡಂ.

“ಎಷ್ಟು ಹೊತ್ತು ಬೇಕು?”

“ಒಂದು ಆರು ತಿಂಗಳು.”

ಗುಮಾಸ್ತರು ತೋಳೇರಿಸಿದರು. “ನಾನಿದ್ದೀನಿ ಬಿಡಿ! ಮಗಳ ಬಣ್ಣದ ಪೆಟ್ಟಿಗೆ ಬ್ಯಾಗಲ್ಲೇ ಇದೆ.”

ಎರಡು ಬಗೆಯ ಹಸಿರು ಬೆರೆಸಿ ಬಳಿದೇಬಿಟ್ಟರು. ಕೊಡಲಿ ಮಳೆಯಲ್ಲಿ ನೆನೆದ ಗಿಳಿಯಂತಾಯಿತು. ಮೇಡಂ ಊದಿ ಒಣಗಿಸುತ್ತಿದ್ದಂತೆಯೇ ನಿರ್ದೇಶಕರು ತಜ್ಞೆಯನ್ನು ಕರೆದುಕೊಂಡು ಒಳಗೆ ಬಂದರು.

ತಜ್ಞೆ ಕೊಡಲಿ ಎತ್ತಿದರು. ಬೆರಳು ಹಸಿರಾಯಿತು. ಅದನ್ನು ಒರೆಸಿಕೊಂಡು ಯಂತ್ರ ಹಿಡಿದರು. ಪರದೆಯ ಮೇಲೆ ಅಂಕಿಗಳು ಮೂಡಿದವು.

“ಸಾರ್, ಇದರಲ್ಲಿ ಕಂಚಿಗೆ ಬೇಕಾದ ತವರವೇ ಇಲ್ಲ. ಮೂರರಲ್ಲೊಂದು ಪಾಲು ಸತು! ಇದು ಕಂಚಲ್ಲ, ಈಚಿನ ಹಿತ್ತಾಳೆ. ಯಾರೋ ಬಣ್ಣ ಬಳಿದು ನಿಮ್ಮ ತಲೆಗೆ ಕಟ್ಟಿದ್ದಾರೆ.”

“ಇಷ್ಟು ವರ್ಷ ಆದ್ರೂ ಬಣ್ಣ ಒಣಗಿಲ್ವಾ?” ನಿರ್ದೇಶಕರು ಬೆರಗಾದರು.

“ಈ ಕೋಣೇಲಿ ತೇವ ಜಾಸ್ತಿ ಸಾರ್,” ಎಂದರು ಗುಮಾಸ್ತರು, ಹಸಿರು ಕೈ ಬೆನ್ನ ಹಿಂದೆ ಅಡಗಿಸಿ.

ಪರೀಕ್ಷಕರಿಗೆ ಹೋದ ಜೀವ ಬಂತು. ಹಾಳಾಗಿದ್ದು ನಕಲಿ ಕೊಡಲಿ! ಖುಷಿಗೆ ದನಿಯೂ ಏರಿತು.

“ಎಂಥ ಮೋಸ ಸಾರ್! ಇದನ್ನ ಅಸಲಿ ಅಂತ ಒಪ್ಪಿಕೊಂಡ ಪುಣ್ಯಾತ್ಮನ್ನ ಸುಮ್ನೆ ಬಿಡಬಾರದು!”

“ಬಿಡೋ ಮಾತೇ ಇಲ್ಲ.” ನಿರ್ದೇಶಕರು ಹಳೆಯ ಕಡತ ತರಿಸಿ ಹಾಳೆ ತಿರುವಿದರು. “ಈ ಸಹಿ ಯಾರದ್ದು, ಗುರುತು ಸಿಗುತ್ತಾ?”

ಪರೀಕ್ಷಕರು ಉತ್ಸಾಹದಿಂದ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಕೊನೆಯಲ್ಲಿ ಬಾಲ ಸುತ್ತಿಕೊಂಡ ಆ ಸಹಿ ಅವರದ್ದೇ. ಹನ್ನೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ವಾರ, ಮುಂದಿಟ್ಟ ಕಾಗದಗಳಿಗೆಲ್ಲ ಕಣ್ಣುಮುಚ್ಚಿ ಹಾಕಿದ್ದು.

“ಆ ವಾರ ಒಟ್ಟು ಎಷ್ಟು ವಸ್ತುಗಳಿಗೆ ಹೀಗೆ ಸಹಿ ಹಾಕಿದ್ರಿ?”

“ಮುನ್ನೂರ... ಹನ್ನೆರಡು, ಸಾರ್.”

ನಿರ್ದೇಶಕರು ತಜ್ಞೆಯ ಒಪ್ಪಿಗೆ ಕೇಳಿ ಯಂತ್ರವನ್ನು ಪರೀಕ್ಷಕರ ಕೈಗಿಟ್ಟರು. ಅದರ ಮೇಲೆ ಉಗ್ರಾಣದ ಬೀಗದ ಕೈಯನ್ನೂ ಇಟ್ಟರು.

“ಒಂದು ಮುಗೀತಲ್ಲ. ಇನ್ನು ಮುನ್ನೂರ ಹನ್ನೊಂದೇ!”