ಊಟ ಮೊದಲು, ಯುದ್ಧ ಆಮೇಲೆ

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಗಸು ಕಂಪ್ಯೂಟರಿನಲ್ಲಿ ಯುದ್ಧದಾಟ ಆಡಿ, ಅದರ ವಿಮರ್ಶೆಯನ್ನು ಕನ್ನಡದಲ್ಲಿ ಬರೆಯಲಿಕ್ಕೆ ಹೊರಟರೆ ಇಂಥದ್ದೆಲ್ಲ ಆಗದೆ ಇರುವುದಾದರೂ ಹೇಗೆ? ನನ್ನದು ಬಂದೂಕು ಹಿಡಿದು ಓಡುವ ಆಟ ಅಲ್ಲ. ನಕ್ಷೆ ನೋಡಿ, ಸೈನ್ಯ ಸರಿಸಿ, ಚೆನ್ನಾಗಿ ಯೋಚಿಸಿ ಸೋಲುವ ಆಟ.

೧. ಸೇತುವೆ

ಬದಿಯಡ್ಕದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನನ್ನೊಡನೆ ಆಡುವ ಗೆಳತಿಯ ಫೋನ್ ಬಂತು. ಹುರುಪಿನಲ್ಲಿ ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ: "ನಾಳೆ ಬೆಳಿಗ್ಗೆ ನಿನ್ನ ಸೇತುವೆ ಉಡಾಯಿಸ್ತೇನೆ, ನೋಡ್ತಾ ಇರು!"

ಬಸ್ಸಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಪಕ್ಕದಲ್ಲಿ ಕೂತ ಅಜ್ಜಿ ಮೆಲ್ಲ ನನ್ನ ಕೈ ಮುಟ್ಟಿದರು.

"ಟೀಚರೇ, ಹತ್ತು ಗಂಟೆ ಕಳೆದು ಉಡಾಯಿಸಿ ಆಯ್ತಾ? ಬೆಳಿಗ್ಗೆ ನನಗೆ ಆಸ್ಪತ್ರೆಗೆ ಹೋಗ್ಲಿಕ್ಕುಂಟು."

೨. ಓದುಗ ವೃಂದ

ಬ್ಲಾಗಿನಲ್ಲಿ ಒಂಬತ್ತು ವಿಮರ್ಶೆ ಬರೆದೆ. ಒಂದಕ್ಕೂ ಪ್ರತಿಕ್ರಿಯೆ ಇಲ್ಲ. ಕೊನೆಯದನ್ನು ಮೂರು ಮಂದಿ ನೋಡಿದ್ದಾರೆ ಎಂದು ತೋರಿಸಿದಾಗ ಹಿಗ್ಗಿ ಹೀರೇಕಾಯಿಯಾದೆ. ವಿಚಾರಿಸಿದರೆ, ಒಂದು ನನ್ನ ಫೋನು, ಇನ್ನೊಂದು ನನ್ನದೇ ಕಂಪ್ಯೂಟರು. ಮೂರನೆಯವರು ನಮ್ಮ ಯಜಮಾನರು.

"ಓದಿದ್ರಾ?"

"ತೆರೆದೆ. ಓದಿದೆ ಅಂತ ಯಾವಾಗ ಹೇಳಿದೆ?"

ನನಗೆ ಅಳುವೇ ಬಂತು. ಹತ್ತನೆಯದನ್ನೂ ಯಾರೂ ಓದದಿದ್ದರೆ ಬರೆಯುವುದನ್ನೇ ನಿಲ್ಲಿಸುತ್ತೇನೆ ಎಂದೆ.

"ನಿಲ್ಲಿಸಿದ್ದು ಯಾರಿಗೆ ಗೊತ್ತಾಗ್ತದೆ?" ಎಂದರು.

೩. ಮಾವನ ದಂಡಯಾತ್ರೆ

ಗೆಲ್ಲದ ಆಟದ ವಿಮರ್ಶೆ ಬರೆಯಬಾರದೆಂಬುದು ನನ್ನ ಹಠ. ಹತ್ತನೆಯ ಆಟವೋ, ಜಪ್ಪಯ್ಯ ಅಂದರೂ ಗೆಲ್ಲಲಿಕ್ಕೆ ಬಿಡಲಿಲ್ಲ. ನದಿಯಾಚೆಯ ಊರನ್ನು ಹಿಡಿಯಬೇಕು, ಇರುವುದು ಒಂದೇ ದಾರಿ. ಏಳು ಸಲ ಹೋದೆ, ಏಳು ಸಲವೂ ಸೋತು ಸುಣ್ಣವಾದೆ.

ಒಂದು ಭಾನುವಾರ ಸೋದರಮಾವ ಬಂದರು. ಮದುವೆ, ಉಪನಯನಗಳಿಗೆ ಸಾವಿರಗಟ್ಟಲೆ ಜನರಿಗೆ ಅಡುಗೆ ಮಾಡಿಸುವವರು. ಕಾಪಿ ಕುಡಿಯುತ್ತಾ ಪರದೆ ನೋಡಿದರು.

"ಇಷ್ಟು ಜನಕ್ಕೆ ಊಟ ಎಲ್ಲುಂಟು?"

"ಹಿಂದಿನಿಂದ ಗಾಡಿಯಲ್ಲಿ ಬರ್ತದೆ ಮಾವ. ಮೊದಲು ಫಿರಂಗಿ."

"ನಿನ್ನ ತಲೆ! ಅಕ್ಕಿ, ಒಲೆ, ಪಾತ್ರೆ ಮೊದಲು ಹೋಗ್ಬೇಕು, ನೆಂಟರು ಆಮೇಲೆ. ನೆಂಟರು ಎಲೆ ಎದುರು ಕೂತ ಮೇಲೂ ಸಾಂಬಾರು ಬರದಿದ್ರೆ, ಯುದ್ಧ ಅಲ್ಲೇ ಆಗ್ತದೆ ಮಾರಾಯ್ತಿ!"

ಗಾಡಿಗಳನ್ನು ಮುಂದೆ ಬಿಟ್ಟೆ. ಮಾವ ಕುರ್ಚಿ ಎಳೆದು ಕೂತೇಬಿಟ್ಟರು. ಮಧ್ಯಾಹ್ನದೊಳಗೆ ಊರು ನನ್ನ ಕೈಗೆ ಬಂತು! ಸೆರೆ ಸಿಕ್ಕವರನ್ನು ನೋಡಿ, "ಪಾಪ, ಅವರಿಗೂ ಎಲೆ ಹಾಕು," ಎಂದರು.

ಅದನ್ನೆಲ್ಲ ಹಾಗೆಯೇ ವಿಮರ್ಶೆಯಲ್ಲಿ ಬರೆದೆ. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಒಂದು ಪ್ರತಿಕ್ರಿಯೆ! ಬರೆದವರು ಪುತ್ತಿಗೆ ಕಡೆಯವರು. ನನಗೆ ಗುರುತು ಪರಿಚಯ ಇಲ್ಲ.

"ಪೂರ್ತಿ ಓದಿದೆ ಟೀಚರೇ, ತುಂಬ ಉಪಕಾರವಾಯಿತು. ಆಟದ ವಿಷಯ ನನಗೆ ಗೊತ್ತಾಗುವುದಿಲ್ಲ. ಮಗಳ ಮದುವೆ ಉಂಟು. ಮಾವನ ನಂಬರ್ ಕೊಡುವಿರಾ?"

"ಪೂರ್ತಿ ಓದಿದ್ದಾರೆ! ಪೂರ್ತಿ!" ಎಂದು ಮನೆಯಿಡೀ ಕುಣಿದೆ. ಯಜಮಾನರು ಆ ದಿನ ಮೊದಲ ಸಲ ನನ್ನ ವಿಮರ್ಶೆಯನ್ನು ಕೂತು ಓದಿದರು.

ಆ ಮದುವೆಯ ಅಡುಗೆ ಮಾವನಿಗೇ ಸಿಕ್ಕಿತು. ಮಾವ ಮರುದಿನವೇ ನನಗೆ ಫೋನ್ ಮಾಡಿದರು.

"ನಿಲ್ಲಿಸ್ಬೇಡ ಮಾರಾಯ್ತಿ! ಇನ್ನೊಂದು ಊರು ಬೇಗ ಹಿಡಿದು ಬರೆ. ಮೇ ತಿಂಗಳಲ್ಲಿ ನನಗೆ ಎರಡು ದಿನ ಖಾಲಿ ಉಂಟು."