ಬೀಳಲೊಲ್ಲದ ಒನಕೆ

ನಾನು ಬಿಸಿಯೂಟ ಬೇಯಿಸುವ ಸರ್ಕಾರಿ ಶಾಲೆಯಲ್ಲಿ ಪಾಠಕ್ಕೂ ನಂಬಿಕೆಗೂ ಆಗಾಗ ಜಟಾಪಟಿ ಆಗುತ್ತಲೇ ಇರುತ್ತದೆ. ನಡೆಯುವ ಜಾಗ ಮಾತ್ರ ನನ್ನ ಅಡುಗೆಮನೆ ಬಾಗಿಲು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಮಕ್ಕಳ ಹಳೇ ಪುಸ್ತಕಗಳನ್ನು ಒಲೆ ಮುಂದೆ ಕೂತು ನಾನೇ ಓದಿಕೊಂಡೆ. ಹಾಗಾಗಿ ನನ್ನನ್ನು ಬಗ್ಗಿಸುವುದು ಸುಲಭವಲ್ಲ.

೧

ಮಾರನೇ ದಿನ ಸೂರ್ಯಗ್ರಹಣ. ಟಿ. ನರಸೀಪುರದಿಂದ ಬಸ್ಸಲ್ಲಿ ಬರುವ ವಿಜ್ಞಾನದ ಮೇಷ್ಟ್ರು ಚೆಂಡು, ಟಾರ್ಚು ಹಿಡಿದು, "ಇದು ಬರೀ ನೆರಳು, ಹೆದರಬಾರದು" ಅಂತ ಪಾಠ ಮಾಡಿದರು. ಕಿಟಕಿಯಲ್ಲಿ ನಿಂತು ನಾನೂ ಕೇಳಿದೆ. ಬೆಲ್ ಆದಮೇಲೆ ಮೆಲ್ಲಗೆ ಬಂದರು.

"ಅಕ್ಕಾ, ನಾಳೆ ನನ್ನ ಊಟದ ಡಬ್ಬಿ ಮೇಲೆ ಎರಡೆಳೆ ದರ್ಭೆ ಇಡ್ತೀರಾ?"

"ಈಗ ತಾನೇ ನೆರಳು ಅಂದ್ರಲ್ಲ ಸಾ?"

"ಅದು ಸಿಲಬಸ್ಸು ಕಣಕ್ಕ. ಇದು ಹೊಟ್ಟೆ."

೨

ಗ್ರಹಣದ ಬೆಳಿಗ್ಗೆ ಮಕ್ಕಳೆಲ್ಲ ಖಾಲಿ ಹೊಟ್ಟೆಯಲ್ಲಿ ಬಂದವು. ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಶಾಲಾ ಸಮಿತಿಯ ಅಧ್ಯಕ್ಷರು ಒನಕೆ ಹೊತ್ತು ಬಂದರು. ಜಗಲಿಯಲ್ಲಿ ಹಿತ್ತಾಳೆ ತಟ್ಟೆಗೆ ನೀರು ಹಾಕಿ, ಅದರಲ್ಲಿ ಒನಕೆ ನಿಲ್ಲಿಸಿದರು. ಗ್ರಹಣ ಇರುವವರೆಗೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ.

"ಇದು ಬೀಳೋಗಂಟ ಒಲೆ ಅಚ್ಚಂಗಿಲ್ಲ ಕಣವ್ವ. ಅಚ್ಚಿದ್ರೆ ನಾಳೆಯಿಂದ ಬೇರೆ ಅಡುಗೆಯವಳು."

"ಬೀಳದೇ ಇದ್ರೆ?"

"ಬೀಳ್ದೆ ಎಲ್ಗೋದದು? ನಮ್ಮಜ್ಜಿ ಕಾಲದ್ದು. ಇದ್ಕೆ ಎಲ್ಲಾ ಗೊತ್ತು."

೩

ಪಂಚಾಂಗದ ಪ್ರಕಾರವೇ ಹನ್ನೊಂದೂಕಾಲಿಗೆ ಗ್ರಹಣ ಬಿಟ್ಟಿತು. ಬಿಸಿಲು ಚುರುಗುಟ್ಟಿತು. ಒನಕೆ ಮಾತ್ರ ಕಂಬದ ಹಾಗೆ ನಿಂತೇ ಇತ್ತು. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದು, "ಆಂಟಿ, ಒನ್ಕೆಗೆ ಅಸಿವಾಗಕಿಲ್ವಾ?" ಅಂದಳು.

ಅಷ್ಟು ಸಾಕಾಯಿತು. ಕೆಲಸ ಹೋದರೆ ಹೋಗಲಿ ಅಂತ ಒಲೆ ಹಚ್ಚಿದೆ.

ಸಾರಿನ ಒಗ್ಗರಣೆ ವಾಸನೆ ಜಗಲಿಗೆ ಹೋಯಿತು. ಅಧ್ಯಕ್ಷರು ರಾತ್ರಿಯಿಂದ ಉಪವಾಸ. ಒನಕೆ ನಿಂತಿರುವಾಗ ಉಣ್ಣುವ ಹಾಗಿಲ್ಲ. ಆ ಕಡೆ ಈ ಕಡೆ ನೋಡಿ, ಕಾಲಿನ ಹೆಬ್ಬೆರಳಿಂದ ಮೆಲ್ಲಗೆ ಒಂದು ತಳ್ಳು ಕೊಟ್ಟರು. ಧಡಾರ್!

"ಬಿತ್ತು, ಬಿತ್ತು! ಬಡಿಸವ್ವ!" ಒಲೆ ಯಾವಾಗ ಹಚ್ಚಿದೆ ಅಂತ ಕೇಳಲೇ ಇಲ್ಲ.

ಕಂಬದ ಹಿಂದಿದ್ದ ಅದೇ ಹುಡುಗಿ ಕೂಗಿದಳು: "ಸಾ, ನೀವೇ ಕಾಲಲ್ಲಿ ತಳ್ಳುದ್ರಿ!"

ಒನಕೆ ಕಾಯುತ್ತಾ ಬೆಳಗಿನಿಂದ ಮೇಷ್ಟ್ರ ಕ್ಲಾಸಿನ ಬಾಗಿಲಲ್ಲೇ ಕೂತು ಪಾಠವನ್ನೆಲ್ಲ ಕೇಳಿದ್ದ ಅಧ್ಯಕ್ಷರು, ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತು ಗದರಿದರು:

"ಸುಮ್ಕಿರವ್ವ! ಅದು ಗುರುತ್ವಾಕರ್ಷಣೆ!"