ಸೋಯಾ ಹಾಲು ಹಿಂಡಿದ ಮೇಲೆ ಉಳಿದದ್ದು

ಸೋಯಾ ಕೆಲಸಕ್ಕೆ ಕೈ ಹಾಕಿದವರ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಮ್ಮಲ್ಲಂತೂ ವಾರಕ್ಕೊಂದು ತಪ್ಪುವುದಿಲ್ಲ. ಮಹಾಲಿಂಗಪುರದ ಊರಂಚಿನಲ್ಲಿ ನಾನೂ ನನ್ನ ಗಂಡನೂ ಸೋಯಾ ಕಾಳಿನಿಂದ ಹಾಲು, ಪನೀರು ಮಾಡುತ್ತೇವೆ. ಕಾಳು ನೆನೆಸಿ, ರುಬ್ಬಿ, ಕುದಿಸಿ, ಬಟ್ಟೆಯಲ್ಲಿ ಹಿಂಡಿದರೆ ಪಾತ್ರೆಯಲ್ಲಿ ಹಾಲು, ಬಟ್ಟೆಯಲ್ಲಿ ತೊಯ್ದ ರವೆಯಂಥ ಬೆಳ್ಳನೆಯ ಚರಟ. ತರಬೇತಿ ಕೊಟ್ಟವರು ಹಾಲು ಮಾಡುವುದನ್ನು ಚೆನ್ನಾಗಿ ಕಲಿಸಿದರು. ಚರಟ ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ಅದನ್ನು ಕಲಿಸಿದವರು ನಮ್ಮ ಸುತ್ತಲಿನ ಜನ. ಅವರ ಉಪಕಾರ ನೆನೆದರೆ ಕಣ್ಣು ತುಂಬಬೇಕು, ಆದರೆ ಮೊದಲು ನಗುವೇ ಬರುತ್ತದೆ.

೧. ಜಗಳಕ್ಕೆ ಬಂದ ಕಾಕು

ಮೊದಲ ಬೇಸಿಗೆ. ಚರಟವನ್ನು ಹಿತ್ತಲ ತಗ್ಗಿನಲ್ಲಿ ಸುರಿಯುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅದು ಹುಳಿತು ಗಬ್ಬೆಂದು ನಾರುತ್ತಿತ್ತು. ಮೂರನೆಯ ದಿನ ಪಕ್ಕದ ಮನೆಯ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಬರುವಾಗ ಮೇಯಿಸಿಕೊಂಡು ಬರುತ್ತಿದ್ದ ಎಮ್ಮೆಯ ಹಗ್ಗವೂ ಕೈಯಲ್ಲೇ ಇತ್ತು.

"ಏನವಾ ತಂಗಿ, ನಾವು ಈ ಓಣ್ಯಾಗ ಬಾಳೇವು ಮಾಡೂದೋ ಬ್ಯಾಡೋ? ಮೂಗ ಮುಚಗೊಂಡ ರೊಟ್ಟಿ ತಿನ್ನಾಕತ್ತೇವಿ!"

ನಾನು ತಪ್ಪಾಯಿತು ಎಂದೆ. ಅವರು ಬಿಡಲಿಲ್ಲ. ಓಣಿಯ ಮರ್ಯಾದೆ, ಸೊಳ್ಳೆ, ಮೊಮ್ಮಗಳ ಕೆಮ್ಮು, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ಚಪ್ಪರಿಸುವ ಸದ್ದು. ಆಗಷ್ಟೇ ಇಳಿಸಿಟ್ಟಿದ್ದ ಒಂದು ಬುಟ್ಟಿ ಬಿಸಿ ಆರಿದ ಚರಟವನ್ನು ಎಮ್ಮೆ ಖಾಲಿ ಮಾಡಿ, ಬುಟ್ಟಿಯ ತಳ ನೆಕ್ಕುತ್ತಿತ್ತು. ಕಾಕು ಎಮ್ಮೆಯನ್ನು ನೋಡಿದರು, ನನ್ನನ್ನು ನೋಡಿದರು, ಹಗ್ಗ ಎಳೆದುಕೊಂಡು ಹೊರಟುಹೋದರು.

ಮರುದಿನದಿಂದ ಮುಂಜಾನೆ ತಾವೇ ಬಂದು ಬುಟ್ಟಿ ಒಯ್ದರು. ತಗ್ಗು ಒಣಗಿತು, ನಾತ ಹೋಯಿತು. ಹಬ್ಬಕ್ಕೆಂದು ನಾವು ಎರಡು ದಿನ ಕೆಲಸ ನಿಲ್ಲಿಸಿದ್ದಾಗ ಕಾಕು ಮತ್ತೆ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು.

"ಏನವಾ ತಂಗಿ, ಎರಡ ದಿನಾ ಆತು, ಕಾಳ ಕುದಿಯೂ ವಾಸನಿ ಒಂದೀಟೂ ಇಲ್ಲ! ಹಿಂಗ ಮಾಡಿದ್ರ ನಾವು ಈ ಓಣ್ಯಾಗ ಬಾಳೇವು ಮಾಡೂದೋ ಬ್ಯಾಡೋ?"

೨. ಮಾವನ ದಿಂಬು

ಕಾಳಿನ ಸಿಪ್ಪೆ ಬೇರೆ ಉಳಿಯುತ್ತದೆ. ಒಣಗಿಸಿದರೆ ಹಗುರ, ಗರಿಗರಿ. ನಮ್ಮ ಅತ್ತೆ ಅದನ್ನು ನೋಡಿ, "ಹತ್ತಿಗಿಂತ ಛಲೋ ಐತಿ, ತಂಪ ಇರತೈತಿ" ಎಂದು ಒಂದು ದಿಂಬಿಗೆ ತುಂಬಿ ಹೊಲಿದರು. ಮಾವ ಅದನ್ನು ತಲೆಗಿಟ್ಟುಕೊಂಡು ಬೇವಿನ ನೆರಳಿಗೆ ಮಧ್ಯಾಹ್ನದ ನಿದ್ದೆಗೆ ಮಲಗಿದರು.

ಸ್ವಲ್ಪ ಹೊತ್ತಿಗೆ ಕೂಗು. "ಲೇ, ಯಾರಲೇ ಅದು ನನ್ನ ತೆಲಿ ಎತ್ತಿ ಇಳಸಾಕತ್ತೀರಿ?"

ಹೋಗಿ ನೋಡಿದರೆ ಮನೆಯ ಆಡು ದಿಂಬಿನ ಹೊಲಿಗೆ ಬಿಚ್ಚಿ ಹಾಯಾಗಿ ಮೇಯುತ್ತಿದೆ. ಮಾವನ ತಲೆ ನೆಲಕ್ಕೆ ಹತ್ತಿದೆ. ಅತ್ತೆ ಆಡಿಗೆ ಬಯ್ಯಲಿಲ್ಲ, ಮಾವನಿಗೇ ಹೇಳಿದರು: "ಅದರ ಹೊಟ್ಟಿ ತುಂಬೂತನಕಾ ಹಂಗ ಅಳ್ಳಾಡಲಾರದ ಮಲಗ್ರಿ. ಹಾಲ ಕೊಡೂದು ಅದ, ನೀವಲ್ಲ."

೩. ಹೆಣ್ಣು ನೋಡಲು ಬಂದವರು

ಚರಟಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಒಂದು ಹಿಡಿ ಕಡಲೆಹಿಟ್ಟು ಕಲೆಸಿ ಕರಿದರೆ ವಡೆ ಬಹಳ ರುಚಿ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಮಾಡಿ ಬಡಿಸುತ್ತಿದ್ದೆ ಅಷ್ಟೇ.

ನಾದಿನಿಯನ್ನು ನೋಡಲು ಮುಧೋಳದ ಕಡೆಯವರು ಹೇಳದೆ ಕೇಳದೆ ಒಂದು ತಾಸು ಮೊದಲೇ ಬಂದುಬಿಟ್ಟರು. ಹಿಂದೆ ಎರಡು ಸಂಬಂಧ ತಪ್ಪಿದ್ದರಿಂದ ಅತ್ತೆ ಒಳಗೂ ಹೊರಗೂ ಓಡಾಡುತ್ತಿದ್ದರು. ಮನೆಯಲ್ಲಿ ಕಡಲೆಹಿಟ್ಟು ಒಂದೇ ಹಿಡಿ. ಚರಟ ಮಾತ್ರ ಬೇಕಾದಷ್ಟು. ನಾನು ದೇವರ ಮೇಲೆ ಭಾರ ಹಾಕಿ ವಡೆ ಕರಿದೆ.

ಗಂಡಿನ ತಂದೆ ನಾಲ್ಕು ತಿಂದರು. ತಾಯಿ ಬೆರಳು ಒರೆಸಿಕೊಳ್ಳುತ್ತ ಕೇಳಿದರು: "ಭಾಳ ಹಗುರ ಆಗ್ಯಾವ್ರಿ. ಯಾವ ಬ್ಯಾಳಿ ಹಾಕೀರಿ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, ಸುಳ್ಳು ಹೇಳಲು ಬಾರದ ಮನುಷ್ಯ, ನಾನು ಚರಟ ಕಲೆಸುವುದನ್ನು ಆಗಷ್ಟೇ ಕಂಡವರು, ಹಿಗ್ಗಿನಿಂದ ಹೇಳಿಯೇಬಿಟ್ಟರು: "ಬ್ಯಾಳಿ ಅಲ್ರಿ. ಬಾಜೂಮನಿ ಎಮ್ಮಿಗಿ ಹಾಕ್ತೇವಲ್ರಿ, ಅದ ಇದು!"

ಅತ್ತೆ ಗೋಡೆ ಹಿಡಿದುಕೊಂಡರು. ಒಳಗೆ ನಾದಿನಿ ಅಳುವುದೋ ನಗುವುದೋ ತಿಳಿಯದೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಗಂಡಿನ ತಂದೆ ಕೈಯಲ್ಲಿದ್ದ ಐದನೆಯ ವಡೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ನಿಧಾನವಾಗಿ ಬಾಯಿಗಿಟ್ಟುಕೊಂಡು ಅಂದರು:

"ಎಮ್ಮೀನ ಇಷ್ಟ ಛಲೋ ನೋಡಕೊಳ್ಳೂ ಮಂದಿ, ಬೀಗರನ್ನ ಬಿಡತಾರೇನ? ಸಂಬಂಧ ಖಾಯಂ ಆತು ಅಂತ ತಿಳೀರಿ."

ಆ ಹಿರಿಯರ ದೊಡ್ಡ ಮನಸ್ಸಿಗೆ ನಾವು ಇವತ್ತಿಗೂ ಕೈ ಮುಗಿಯುತ್ತೇವೆ. ನಾದಿನಿ ಸುಖವಾಗಿದ್ದಾಳೆ. ಬೀಗರು ಬಂದಾಗಲೆಲ್ಲ ಬಾಗಿಲಲ್ಲೇ ಕೇಳುತ್ತಾರೆ: "ಎಮ್ಮಿದು ಊಟ ಆಗೇತಿಲ್ಲೋ? ಆಗಿದ್ರ ನಮಗೂ ಹಾಕ್ರಿ."

೪. ಎರಡು ಕ್ಯಾನು

ಪನೀರು ಕಟ್ಟಿದ ಮೇಲೆ ಹಳದಿ ನೀರು ಉಳಿಯುತ್ತದೆ. ಅದರಲ್ಲಿ ಒಳ್ಳೆಯ ನೊರೆ ಬರುತ್ತದೆ, ಜಿಡ್ಡು ತೆಗೆಯುತ್ತದೆ ಎಂದು ಕಂಡುಹಿಡಿದವರು ಬನಹಟ್ಟಿಯ ಒಬ್ಬ ನೇಕಾರರು. ಮಗ್ಗದ ಎಣ್ಣೆ ಹತ್ತಿದ ಕೈ ತೊಳೆಯಲು ಅವರಿಗೆ ದಿನ ಬಿಟ್ಟು ದಿನ ಒಂದು ಕ್ಯಾನು. ಅಲ್ಲಿಂದ ಮುಂದೆ ಜಮಖಂಡಿಯಲ್ಲಿ ನಿವೃತ್ತ ಮಾಸ್ತರರೊಬ್ಬರಿಗೆ ಒಂದು ಕ್ಯಾನು ಸೋಯಾ ಹಾಲು. ಒಂದು ದಿನ ನನ್ನ ಗಂಡ ಕ್ಯಾನು ಅದಲು ಬದಲು ಮಾಡಿದರು.

ಸಂಜೆ ನೇಕಾರರ ಫೋನು: "ಅಕ್ಕಾರ, ಈ ಸಲದ ನೀರು ಬೆಳ್ಳಗ ಐತಲ್ರಿ, ನೊರೀನ ಬರವಲ್ದು."

ಕ್ಯಾನು ಬದಲಾದದ್ದು ಆಗ ಗೊತ್ತಾಯಿತು. ಕೂಡಲೇ ಜಮಖಂಡಿಗೆ ಫೋನು ಹಚ್ಚಿದೆ. "ಸರ್, ಇವತ್ತಿನ ಕ್ಯಾನು ಮುಟ್ಟಬ್ಯಾಡ್ರಿ!"

"ತಡಾ ಆತವಾ," ಅಂದರು ಮಾಸ್ತರರು. "ಉಪ್ಪು ಜೀರಗಿ ಹಾಕ್ಕೊಂಡ ಎರಡ ಗ್ಲಾಸ ಕುಡದೇನಿ. ವಾರದಿಂದ ಹೊಟ್ಟಿ ಕಲ್ಲಾಗಿತ್ತು, ಈಗ ಹಗುರಾತು. ನೀ ಇದನ್ನ ಕಳಸು. ಆ ಹಾಲ ಬ್ಯಾಡ."

ಕ್ಷಮೆ ಕೇಳಲು ಮರುದಿನ ಬನಹಟ್ಟಿಗೆ ಹೋದೆವು. ನೇಕಾರರು ಬೈಯಲಿಲ್ಲ, ಎರಡೂ ಅಂಗೈ ಮುಂದೆ ಚಾಚಿ ತೋರಿಸಿದರು: "ನೋಡ್ರಿ, ಹಾಲಿನ್ಯಾಗ ತೊಳದು ಮದವಿ ಮದಲಗಿತ್ತಿ ಕೈ ಆದಂಗ ಆಗ್ಯಾವ. ಇಷ್ಟ ನುಣ್ಣಗ ಆದ್ರ ಎಳಿ ಹಿಡಿಯೂದು ಹ್ಯಾಂಗ್ರಿ? ಜಾರಾಕತ್ತಾವ!"

೫. ತಪಾಸಣೆ

ಪರವಾನಗಿ ಮುಂದುವರಿಸುವ ಹೊತ್ತು. ಉಳಿದ ಹೊಲಸನ್ನು ಎಲ್ಲಿ ಚೆಲ್ಲುತ್ತೀರಿ ಎಂದು ನೋಡಲು ಸಾಹೇಬರೊಬ್ಬರು ಬರುವವರಿದ್ದರು. ಅವರು ಒಪ್ಪದಿದ್ದರೆ ಬಾಗಿಲು ಹಾಕಬೇಕು. ಇಂಥ ದಿನ ಬರುತ್ತಾರೆಂದು ಮಾತ್ರ ಗೊತ್ತಿರಲಿಲ್ಲ.

ಅಷ್ಟರಲ್ಲಿ ಚರಟಕ್ಕೆ ಬೇಡಿಕೆ ಏರಿ, ಮುಂಜಾನೆ ನಮ್ಮ ಕಿಟಕಿಯ ಮುಂದೆ ಜನರ ಪಾಳಿ ನಿಲ್ಲುತ್ತಿತ್ತು. ಆವತ್ತು ಪಾಳಿಯ ಮುಂದಿದ್ದವರು ಗಲಗಲಿ ಕಡೆಯ ಕುರಿ ಕಾಯುವ ಅಜ್ಜ. ಹೊಳೆದಂಡೆಯಿಂದ ಹಿಂಡು ಹೊಡೆದುಕೊಂಡು ಬಂದು ನಮ್ಮ ಹತ್ತಿರವೇ ಬೀಡುಬಿಟ್ಟಿದ್ದರು. ನಾನು ಒಳಗೆ ಹಬೆಯಲ್ಲಿ ಬಟ್ಟೆ ಹಿಂಡುತ್ತಿದ್ದೆ. ಹೊರಗೆ ಆದ ಈ ಮಾತು ನನಗೆ ತಿಳಿದದ್ದು ಆಮೇಲೆ.

"ಸ್ವಲ್ಪ ಸರೀರಿ ಅಜ್ಜಾರ, ಒಳಗ ಹೋಗಬೇಕು."

"ಯಾಕ ಸರೀಬೇಕ್ರಿ? ನಾ ಹೊತ್ತ ಹುಟ್ಟೂದಕ್ಕ ಬಂದೇನಿ. ಪಾಳಿ ಹಚ್ಚರಿ."

"ನಾ ಹೊಲಸ ಎಲ್ಲಿ ಚೆಲ್ಲತಾರ ಅಂತ ನೋಡಾಕ ಬಂದೇನಿ."

"ಚೆಲ್ಲತಾರಾ?" ಅಜ್ಜನ ದನಿ ಏರಿತು. "ಎಲ್ಲಿ ಚೆಲ್ಲತಾರ? ತೋರಸ್ರಿ, ಕಂಬಳ್ಯಾಗ ಕಟಗೊಂಡ ಹೋಗ್ತೇನಿ!"

ಹಿಂದಿನಿಂದ ಹೆಂಗಸರು ಕೂಗಿದರು: "ಏನರೆ ನೆವಾ ಹೇಳಿ ಮುಂದ ಹೋಗೂದು ಬ್ಯಾಡ್ರಿ! ಹಿಂದ ನಿಂದರ್ರಿ!" ಸಾಹೇಬರು ಬೆವರು ಒರೆಸಿಕೊಂಡು ಹಿಂದೆ ಹೋಗಿ ನಿಂತರು.

ಅವರ ಪಾಳಿ ಬಂದಾಗ ಪಾತ್ರೆ ಬರಿದಾಗಿತ್ತು. ನಾನು ಸೌಟಿನಿಂದ ತಳ ಕೆರೆಯುತ್ತ ತಲೆಯೆತ್ತದೆ ಹೇಳಿದೆ: "ಇವತ್ತಿಂದು ಮುಗೀತ್ರಿ. ನಾಳಿ ಲಗೂ ಬರ್ರಿ."

"ತಾಯಿ, ನಾ ತಪಾಸಣಿಗೆ ಬಂದಾಂವ," ಅಂದರು ಅವರು.

ನನ್ನ ಕೈಯಿಂದ ಸೌಟು ಬಿತ್ತು. ಅವರು ಒಳಗೆ ಬಂದರು, ಹಿತ್ತಲು ನೋಡಿದರು, ಮೋರಿ ನೋಡಿದರು, ತೊಳೆದಿಟ್ಟಂತಿದ್ದ ಪಾತ್ರೆ ಬಗ್ಗಿ ನೋಡಿದರು. ಕಡೆಗೆ ನಗು ತಡೆಯಲಾರದೆ, "ಚೆಲ್ಲೂದಿರ್ಲಿ, ಬೇಡಿದವರಿಗೂ ಸಿಗವಲ್ದು" ಎಂದು ಸಹಿ ಹಾಕಿದರು. ಅವರಿಗೆ ಕೈ ಮುಗಿದು ಬಾಗಿಲತನಕ ಕಳಿಸಲು ಹೋದೆ.

ಅಲ್ಲಿ ಅಜ್ಜ ಇನ್ನೂ ನಿಂತಿದ್ದರು. ಸಾಹೇಬರು ಬರಿಗೈಯಲ್ಲಿ ಬರುವುದನ್ನು ಕಂಡು ಅವರ ಕರುಳು ಚುರುಕ್ ಎಂದಿರಬೇಕು. ತಮ್ಮ ಬುಟ್ಟಿಯಿಂದ ಎರಡು ಬೊಗಸೆ ಚರಟ ತೆಗೆದು ಮುಂದೆ ಹಿಡಿದು ಮೆತ್ತಗೆ ಕೇಳಿದರು:

"ಸಿಟ್ಟ ಮಾಡಕೋಬ್ಯಾಡ್ರಿ. ತುಗೋರಿ ಇದನ್ನ. ನಿಮ್ಮವು ಎಷ್ಟ ಕುರಿ ಅದಾವ್ರಿ?"